ಬಾರದವನ ಪಾಲು

ನಾಲ್ವರು ಕೂಡಿ ಕಟ್ಟಿದ ಒಂದು ಕೆಲಸದಿಂದ ಒಬ್ಬನು ಹೊರಟುಹೋದರೆ ಉಳಿದ ಮೂವರ ಕರ್ತವ್ಯವೇನು? ಪ್ರಶ್ನೆ ಹೊಸದಲ್ಲ. ಹೋದವನು ಸತ್ತಿದ್ದರೆ ಉಳಿದವರು ಅತ್ತು, ಮಾಡಬೇಕಾದ ಕರ್ಮಗಳನ್ನು ಮುಗಿಸಿ, ಅವನ ಪಾಲನ್ನು ವಾರಸುದಾರರಿಗೆ ಒಪ್ಪಿಸಿ ಮುಂದೆ ಸಾಗುತ್ತಾರೆ. ಜಗಳವಾಡಿ ಹೋಗಿದ್ದರೆ ಪಂಚಾಯಿತಿಯುಂಟು, ಅದಕ್ಕೂ ಬಗ್ಗದಿದ್ದರೆ ಕೋರ್ಟುಂಟು. ಆದರೆ ಒಂದು ಮುಂಜಾನೆ ಯಾರಿಗೂ ಹೇಳದೆ ಬಾಗಿಲೆಳೆದುಕೊಂಡು ಹೋದವನು, ಇದ್ದಾನೆಂದೂ ಇಲ್ಲವೆಂದೂ ಹೇಳಲಾಗದಂತೆ ಉಳಿದುಬಿಟ್ಟರೆ? ಅವನಿಗಾಗಿ ಅತ್ತರೆ ಅವಸರವಾಯಿತು, ಅಳದಿದ್ದರೆ ಕಲ್ಲೆದೆಯಾಯಿತು. ಅವನ ಪಾಲನ್ನು ಹಂಚಿಕೊಂಡರೆ ಅದು ಕಳ್ಳತನ. ಹಂಚಿಕೊಳ್ಳದೆ ಕಾಯುತ್ತ ಕುಳಿತರೆ, ಎಷ್ಟು ದಿನ?

ಇಂಥ ಧರ್ಮಸೂಕ್ಷ್ಮಕ್ಕೆ ಉದಾಹರಣೆ ಬೇಕೆಂದರೆ ಪುರಾಣವನ್ನೋ ಇತಿಹಾಸವನ್ನೋ ತೆರೆಯುವುದು ನಮ್ಮ ವಾಡಿಕೆ. ಈ ಸಲ ನಾವು ಆ ವಾಡಿಕೆಯನ್ನು ಬಿಟ್ಟು, ಬ್ರಿಟನ್ನಿನ ಒಂದು ರಾಕ್ ಸಂಗೀತ ತಂಡದ ಕಡೆಗೆ ಹೋಗುತ್ತಿದ್ದೇವೆ. ಹಿರಿಯ ಓದುಗರು ಹುಬ್ಬೇರಿಸುವುದು ನಮಗೆ ಗೊತ್ತು. ಮನೆಯಲ್ಲಿ ಮಕ್ಕಳ ಕೋಣೆಯಿಂದ ಕೇಳಿಬರುವ ಗಿಟಾರಿನ ಗದ್ದಲಕ್ಕೂ ಧರ್ಮವಿಚಾರಕ್ಕೂ ಎಲ್ಲಿಯ ಸಂಬಂಧ ಎಂದು ಕೇಳುವವರಿಗೆ ನಾವು ಹೇಳುವುದಿಷ್ಟೆ: ಸಂಗೀತ ಹಿಡಿಸದಿದ್ದರೆ ಕಿವಿ ಮುಚ್ಚಿಕೊಳ್ಳಿ, ಕತೆಯನ್ನು ಮಾತ್ರ ಕೇಳಿ. ಏಕೆಂದರೆ ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಓದದೆ ಮೂವತ್ತು ವರ್ಷ ಬದುಕಿ ನೋಡಿದವರು ಅವರು.

ತಂಡದ ಹೆಸರು ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್. ಹುಚ್ಚು ಹಿಡಿದ ಬೀದಿ ಉಪದೇಶಕರು ಎಂದು ಅರ್ಥ ಮಾಡಿಕೊಳ್ಳಬಹುದು. ಊರು ದಕ್ಷಿಣ ವೇಲ್ಸಿನ ಬ್ಲ್ಯಾಕ್‌ವುಡ್, ಕಲ್ಲಿದ್ದಲ ಕಣಿವೆಯ ಒಂದು ಸಣ್ಣ ಪಟ್ಟಣ. 1986ರಲ್ಲಿ ತಂಡ ಹುಟ್ಟಿತು. ಹಾಡುವವನು ಮತ್ತು ಗಿಟಾರು ನುಡಿಸುವವನು ಜೇಮ್ಸ್ ಡೀನ್ ಬ್ರಾಡ್‌ಫೀಲ್ಡ್. ಡ್ರಮ್ಮಿನ ಮುಂದೆ ಕುಳಿತವನು ಅವನ ಸೋದರಸಂಬಂಧಿ ಶಾನ್ ಮೂರ್. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು. ಬೇಸ್ ಗಿಟಾರಿಗೆ ನಿಕಿ ವೈರ್. ನಾಲ್ಕನೆಯವನು ರಿಚಿ ಎಡ್ವರ್ಡ್ಸ್, ನಿಕಿಯ ಬಾಲ್ಯದ ಗೆಳೆಯ. ನಾಲ್ವರೂ ಓಕ್‌ಡೇಲ್‌ನ ಒಂದೇ ಶಾಲೆಯಲ್ಲಿ ಓದಿದವರು. ರಿಚಿ ಮೊದಲು ತಂಡದವನಾಗಿರಲೂ ಇಲ್ಲ. ಅವರ ವ್ಯಾನನ್ನು ಓಡಿಸುತ್ತಿದ್ದ, ಸಾಮಾನು ಹೊರುತ್ತಿದ್ದ. ಸ್ವಾನ್ಸೀ ವಿಶ್ವವಿದ್ಯಾಲಯದಲ್ಲಿ ರಾಜಕೀಯ ಇತಿಹಾಸ ಓದಿದ ಈ ಹುಡುಗ ನಿಧಾನವಾಗಿ ಹಾಡುಗಳಿಗೆ ಮಾತು ಬರೆಯತೊಡಗಿದ, ಮುಖಪುಟಗಳನ್ನು ಯೋಜಿಸತೊಡಗಿದ, ಪತ್ರಕರ್ತರಿಗೆ ಉತ್ತರ ಕೊಡತೊಡಗಿದ, ಕೊನೆಗೆ ತಂಡದ ಮುಖವೇ ಆಗಿಬಿಟ್ಟ. ಗಿಟಾರು ಹೆಗಲಿಗೇರಿತು ನಿಜ. ಆದರೆ ನುಡಿಸುವುದರಲ್ಲಿ ಅವನು ಕಚ್ಚಾ ಎಂಬುದು ಎಲ್ಲರಿಗೂ ತಿಳಿದ ಗುಟ್ಟು. ಧ್ವನಿಮುದ್ರಿಕೆಗಳಲ್ಲಿ ಅವನ ಗಿಟಾರು ಕೇಳಿಸುವುದೇ ಅಪರೂಪ.

ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಪಾಲಿನ ಪ್ರಶ್ನೆ ಬಂದಾಗ ಇದು ಬೇಕಾಗುತ್ತದೆ.

ಆ ಕಣಿವೆಯ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಈ ಹುಡುಗರು ಹೈಸ್ಕೂಲಿನಲ್ಲಿದ್ದಾಗ, 1984ರ ಮಾರ್ಚಿಯಿಂದ 1985ರ ಮಾರ್ಚಿಯವರೆಗೆ, ಬ್ರಿಟನ್ನಿನ ಗಣಿ ಕಾರ್ಮಿಕರ ದೊಡ್ಡ ಮುಷ್ಕರ ನಡೆದು ಸೋತಿತು. ಒಂದರ ಹಿಂದೊಂದು ಗಣಿಗಳು ಮುಚ್ಚಿದವು. ಓಕ್‌ಡೇಲ್‌ನ ಗಣಿ 1989ರಲ್ಲಿ ಮುಚ್ಚಿತು. ಆದರೆ ಆ ಕಣಿವೆಗಳಲ್ಲಿ ಆಳವಾಗಿ ಬೇರೂರಿದ್ದ ಇನ್ನೊಂದು ಸಂಗತಿಯಿತ್ತು. ಕಾರ್ಮಿಕರು ತಮ್ಮ ವಾರದ ಕೂಲಿಯಿಂದ ಇಷ್ಟಿಷ್ಟು ಪೆನ್ನಿ ಎಂದು ಕೊಟ್ಟು ಕಟ್ಟಿಕೊಂಡ ಸಂಸ್ಥೆಗಳು: ಓದುವ ಕೋಣೆ, ಪುಸ್ತಕ ಭಂಡಾರ, ಸಭಾಗೃಹ, ಔಷಧಿಯ ನಿಧಿ. ಬ್ಲ್ಯಾಕ್‌ವುಡ್ಡಿನಲ್ಲಿಯೂ ಗಣಿ ಕಾರ್ಮಿಕರ ಅಂಥ ಭವನವೊಂದು ಇಂದಿಗೂ ನಿಂತಿದೆ. ಅಲ್ಲಿಗೆ ದೂರವಲ್ಲದ ಟ್ರೆಡೀಗರ್ ಎಂಬ ಊರಿನ ವೈದ್ಯಕೀಯ ನೆರವಿನ ಸಂಘವನ್ನು ನೋಡಿ ಬೆಳೆದ ಅನ್ಯೂರಿನ್ ಬೆವನ್ ಮುಂದೆ ಆರೋಗ್ಯ ಸಚಿವನಾಗಿ, 1948ರ ಜುಲೈ 5ರಂದು ಇಡೀ ಬ್ರಿಟನ್ನಿಗೆ ಸರಕಾರಿ ಆರೋಗ್ಯ ಸೇವೆಯನ್ನು ತಂದ. ದುಡಿಯುವವನು ಕೊಡುತ್ತಾನೆ, ದುಡಿಯಲಾರದೆ ಬಿದ್ದವನಿಗೂ ಅದರಲ್ಲಿ ಪಾಲಿದೆ ಎಂಬುದು ಆ ನಿಧಿಗಳ ತಿರುಳು. ನಮ್ಮ ನಾಲ್ವರು ಹುಡುಗರು ಇದನ್ನು ಯಾರೂ ಹೇಳಿಕೊಡದೆ ಗಾಳಿಯಿಂದಲೇ ಕಲಿತಿದ್ದರೆ ಆಶ್ಚರ್ಯವಿಲ್ಲ ಎಂದು ನಮಗೆ ತೋರುತ್ತದೆ.

ಪ್ರಾರಂಭದಲ್ಲಿ ಅವರ ಬಾಯಿ ಬಹಳ ದೊಡ್ಡದು. ಒಂದೇ ಒಂದು ಜೋಡಿ ಆಲ್ಬಮ್ ಹೊರತರುತ್ತೇವೆ, ಅದು ಕೋಟಿಗಟ್ಟಲೆ ಮಾರಾಟವಾಗುತ್ತದೆ, ಆಮೇಲೆ ತಂಡವನ್ನೇ ವಿಸರ್ಜಿಸುತ್ತೇವೆ ಎಂದು ಪತ್ರಿಕೆಗಳ ಮುಂದೆ ಘೋಷಿಸಿದ್ದರು. ಅವರ ಮಾತು ಬರಿಯ ವೇಷವೆಂದು ಅನುಮಾನಿಸಿದ ಒಬ್ಬ ಪತ್ರಕರ್ತನ ಮುಂದೆ, 1991ರ ಮೇ 15ರಂದು, ನಾರ್ವಿಚ್ಚಿನಲ್ಲಿ ರಿಚಿ ತನ್ನ ತೋಳನ್ನೇ ಕುಯ್ದುಕೊಂಡು ತಾವು ನಿಜವೆಂದು ಅಕ್ಷರದಲ್ಲಿ ತೋರಿಸಿದ. ಇದನ್ನು ಶೌರ್ಯವೆಂದು ಹೊಗಳಿದವರುಂಟು. ನಮಗೆ ಅದರಲ್ಲಿ ಕಾಣುವುದು ಕಾಯಿಲೆಯ ಮೊದಲ ಸೂಚನೆ. ಅದನ್ನು ಕಂಡೂ ಚಪ್ಪಾಳೆ ತಟ್ಟಿದ ಉದ್ಯಮದ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು.

1992ರಲ್ಲಿ ಮೊದಲ ಜೋಡಿ ಆಲ್ಬಮ್ ಬಂತು. ಕೋಟಿಗಟ್ಟಲೆ ಮಾರಾಟವಾಗಲಿಲ್ಲ, ತಂಡ ವಿಸರ್ಜನೆಯೂ ಆಗಲಿಲ್ಲ. ಹದಿಹರೆಯದ ಪ್ರತಿಜ್ಞೆ ಮುರಿಯಿತೆಂದು ಕೆಲವರು ನಕ್ಕರು. ಪ್ರತಿಜ್ಞೆಗಳಲ್ಲಿಯೂ ತಾರತಮ್ಯವುಂಟು, ಮುರಿಯುವುದೇ ಮೇಲಾದ ಪ್ರತಿಜ್ಞೆಗಳೂ ಉಂಟು ಎಂದು ನಾವು ಭಾವಿಸುತ್ತೇವೆ. 1993ರಲ್ಲಿ ಎರಡನೆಯದು. 1994ರ ಆಗಸ್ಟಿನಲ್ಲಿ ಮೂರನೆಯದು, ‘ದಿ ಹೋಲಿ ಬೈಬಲ್’. ಅದರ ಮಾತುಗಳಲ್ಲಿ ಹೆಚ್ಚಿನ ಪಾಲು ರಿಚಿಯದು. ಯಾತನಾ ಶಿಬಿರಗಳು, ಉಪವಾಸ, ಮನುಷ್ಯ ಮನುಷ್ಯನಿಗೆ ಮಾಡುವ ಹಿಂಸೆ, ಇವೇ ಅದರ ವಸ್ತು. ಇಂದಿಗೂ ವಿಮರ್ಶಕರು ಆ ಕಾಲದ ಶ್ರೇಷ್ಠ ಕೃತಿಗಳಲ್ಲಿ ಅದನ್ನು ಎಣಿಸುತ್ತಾರೆ. ಅದು ಅಂಗಡಿಗೆ ಬಂದ ಬೇಸಿಗೆಯಲ್ಲಿ ಅದನ್ನು ಬರೆದವನು ಆಸ್ಪತ್ರೆಯಲ್ಲಿದ್ದ. ಆ ತಿಂಗಳುಗಳಲ್ಲಿ ಉಳಿದ ಮೂವರೇ ವೇದಿಕೆಯೇರಿ ಒಪ್ಪಿಕೊಂಡ ಕಾರ್ಯಕ್ರಮಗಳನ್ನು ನಡೆಸಿದರು. ಡಿಸೆಂಬರಿನಲ್ಲಿ ಲಂಡನ್ನಿನ ಅಸ್ಟೋರಿಯಾ ರಂಗಮಂದಿರದಲ್ಲಿ ನಾಲ್ವರೂ ಕೂಡಿ ಮೂರು ರಾತ್ರಿ ನುಡಿಸಿದರು. ಕೊನೆಯ ರಾತ್ರಿ, 21ರಂದು, ವಾದ್ಯಗಳನ್ನೆಲ್ಲ ಒಡೆದು ಹಾಕಿದರು. ನಾಲ್ವರು ಒಟ್ಟಿಗೆ ನಿಂತದ್ದು ಅದೇ ಕೊನೆ.

1995ರ ಫೆಬ್ರವರಿ 1ರಂದು ರಿಚಿ ಮತ್ತು ಬ್ರಾಡ್‌ಫೀಲ್ಡ್ ಪ್ರಚಾರಕ್ಕಾಗಿ ಅಮೆರಿಕಕ್ಕೆ ಹಾರಬೇಕಾಗಿತ್ತು. ಅಂದು ಬೆಳಿಗ್ಗೆ ರಿಚಿ ಲಂಡನ್ನಿನ ಹೋಟೆಲಿನಿಂದ ಒಬ್ಬನೇ ಹೊರಬಿದ್ದ. ಅದಕ್ಕೆ ಮುಂಚಿನ ಎರಡು ವಾರಗಳಲ್ಲಿ ಬ್ಯಾಂಕಿನಿಂದ ದಿನಕ್ಕೆ 200 ಪೌಂಡಿನಂತೆ ಹಣ ತೆಗೆದಿದ್ದನೆಂದು ಆಮೇಲೆ ತಿಳಿಯಿತು. ಕಾರ್ಡಿಫಿನ ಅವನ ಮನೆಯಲ್ಲಿ ಪಾಸ್‌ಪೋರ್ಟು ಸಿಕ್ಕಿತು. ಎರಡು ವಾರದ ಮೇಲೆ, ಇಂಗ್ಲೆಂಡನ್ನೂ ವೇಲ್ಸನ್ನೂ ಕೂಡಿಸುವ ಸೆವರ್ನ್ ಸೇತುವೆಯ ಬಳಿಯ ತಂಗುದಾಣದಲ್ಲಿ ಅವನ ಕಾರು ಸಿಕ್ಕಿತು. ಅವನು ಸಿಗಲಿಲ್ಲ. ಆಗ ಅವನಿಗೆ 27 ವರ್ಷ. ಆಮೇಲಿನ ವರ್ಷಗಳಲ್ಲಿ ಅವನನ್ನು ಅಲ್ಲಿ ಕಂಡೆ, ಇಲ್ಲಿ ಕಂಡೆ ಎಂಬ ಸುದ್ದಿಗಳಿಗೇನೂ ಕೊರತೆಯಾಗಲಿಲ್ಲ. ಕ್ಯಾನರಿ ದ್ವೀಪಗಳಲ್ಲಿ ಕಂಡನಂತೆ. ನಮ್ಮ ಗೋವೆಯಲ್ಲಿಯೂ ಕಂಡನಂತೆ. ಒಂದೂ ಸಿದ್ಧಪಟ್ಟಿಲ್ಲ.

ಇಲ್ಲಿಂದ ಮುಂದಿನದು ನಮ್ಮ ವಿಷಯ.

ಉಳಿದವರ ಮುಂದೆ ಆಗ ಒಂದು ಪೂರ್ವೋದಾಹರಣೆಯಿತ್ತು. ಹದಿನೈದು ವರ್ಷ ಮುಂಚೆ, 1980ರ ಮೇ 18ರಂದು, ಮ್ಯಾಂಚೆಸ್ಟರಿನ ಜಾಯ್ ಡಿವಿಜನ್ ಎಂಬ ತಂಡದ ಗಾಯಕ ಇಯಾನ್ ಕರ್ಟಿಸ್, ಅಮೆರಿಕದ ಮೊದಲ ಪ್ರವಾಸಕ್ಕೆ ಹೊರಡಬೇಕಾದ ಹೊತ್ತಿನಲ್ಲಿಯೇ ತೀರಿಕೊಂಡಿದ್ದ. ನಮ್ಮಲ್ಲಿ ಯಾರೊಬ್ಬರು ಹೋದರೂ ಈ ಹೆಸರನ್ನು ಬಳಸಕೂಡದು ಎಂದು ಆ ತಂಡದವರು ಮೊದಲೇ ಮಾತಾಡಿಕೊಂಡಿದ್ದರಂತೆ. ಅದರಂತೆ ಉಳಿದ ಮೂವರು ಹೆಸರನ್ನು ಕೆಳಗಿಟ್ಟು, ನ್ಯೂ ಆರ್ಡರ್ ಎಂಬ ಹೊಸ ಹೆಸರಿನಲ್ಲಿ, ಗಿಲಿಯನ್ ಗಿಲ್ಬರ್ಟ್ ಎಂಬ ಹೊಸ ಸಂಗಾತಿಯನ್ನು ಸೇರಿಸಿಕೊಂಡು ಮುಂದೆ ಹೋದರು; ಬಹಳ ದೂರವೇ ಹೋದರು. ಅದರ ನ್ಯಾಯ ಸ್ವಚ್ಛವಾಗಿದೆ. ಹೆಸರು ನಾಲ್ವರದು, ನಾಲ್ವರಿಲ್ಲ, ಆದ್ದರಿಂದ ಹೆಸರಿಲ್ಲ. ಇದಕ್ಕೆ ಪೂರಾ ವಿರುದ್ಧವಾದ ಇನ್ನೊಂದು ಕೊನೆಯೂ ಅದೇ ಮ್ಯಾಂಚೆಸ್ಟರಿನಲ್ಲಿಯೇ ಇದೆ. ದಿ ಫಾಲ್ ಎಂಬ ತಂಡ 1976ರಿಂದ 2018ರಲ್ಲಿ ಮಾರ್ಕ್ ಇ. ಸ್ಮಿತ್ ಸಾಯುವವರೆಗೆ ನಡೆಯಿತು. ಅಷ್ಟರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಅದರೊಳಗೆ ಬಂದು ಹೋದರು. ಸ್ಮಿತ್ ಇದ್ದಲ್ಲಿ ತಂಡ, ಅಷ್ಟೆ. ಬಾಡಿಗೆಗೆ ಬಂದವರಿಗೆ ಹೆಸರಿನಲ್ಲೇನು ಪಾಲು!

ಬ್ಲ್ಯಾಕ್‌ವುಡ್ಡಿನ ಮೂವರು ಈ ಎರಡು ದಾರಿಗಳಲ್ಲಿ ಯಾವುದನ್ನೂ ಹಿಡಿಯಲಿಲ್ಲ. ಹಿಡಿಯುವಂತೆಯೂ ಇರಲಿಲ್ಲ. ಕರ್ಟಿಸನ ಸಾವು ನಿಶ್ಚಿತವಾದದ್ದು. ಅವನಿಗಾಗಿ ಹೆಸರನ್ನು ಹೂಳಬಹುದಿತ್ತು. ಬಾರದವನ ವಿಷಯದಲ್ಲಿ ಹೆಸರು ಬದಲಿಸುವುದೆಂದರೆ ನೀನಿನ್ನು ಬರುವುದಿಲ್ಲ ಎಂದು ನಾವೇ ತೀರ್ಪು ಕೊಟ್ಟಂತೆ. ನಾಳೆ ಅವನು ಬಂದು ಬಾಗಿಲು ತಟ್ಟಿದರೆ, ನಿನ್ನ ಮನೆಯ ಫಲಕವನ್ನು ಕಿತ್ತುಹಾಕಿದ್ದೇವೆ ಎನ್ನಬೇಕಾಗುತ್ತದೆ. ಹಾಗೆಂದು ಹೆಸರನ್ನು ಉಳಿಸಿಕೊಂಡರೆ? ಅವನ ತೋಳಿನ ರಕ್ತದಿಂದ ಪ್ರಸಿದ್ಧಿಗೆ ಬಂದ ಹೆಸರಿನಲ್ಲಿ, ಅವನಿಲ್ಲದೆ ಸಂಪಾದಿಸುವುದೇ? ತಿಂಗಳುಗಟ್ಟಲೆ ಅವರು ಸುಮ್ಮನಿದ್ದರು. ರಿಚಿಯ ತಂದೆ ತಾಯಿ ಮುಂದುವರಿಯಿರೆಂದು ಒಪ್ಪಿಗೆ ಕೊಟ್ಟ ಮೇಲೆಯೇ ಮತ್ತೆ ವಾದ್ಯ ಮುಟ್ಟಿದ್ದು. 1995ರ ಡಿಸೆಂಬರ್ 29ರಂದು ವೆಂಬ್ಲಿಯಲ್ಲಿ, ಇನ್ನೊಂದು ತಂಡದ ಮುಖ್ಯ ಕಾರ್ಯಕ್ರಮಕ್ಕೆ ಮುನ್ನ, ಮೂವರೇ ವೇದಿಕೆಯೇರಿದರು. ರಿಚಿ ನಿಲ್ಲುತ್ತಿದ್ದ ಬದಿಯನ್ನು ಖಾಲಿ ಬಿಟ್ಟರು. ನಾಲ್ಕನೆಯ ಸದಸ್ಯನೆಂದು ಇಂದಿನವರೆಗೂ ಯಾರನ್ನೂ ಸೇರಿಸಿಕೊಂಡಿಲ್ಲ. ಪ್ರವಾಸಗಳಲ್ಲಿ ನೆರವಿಗೆ ಬಂದ ವಾದಕರು ನೆರವಿನವರಾಗಿಯೇ ಉಳಿದಿದ್ದಾರೆ.

ಮುಖ್ಯವಾದ ಮಾತು ಹಣದ್ದು. ನಾಲ್ವರಲ್ಲಿ ಒಬ್ಬನದು ಕಾಲು ಪಾಲು. ಆ ಕಾಲು ಪಾಲನ್ನು ಅವನು ಕಾಣೆಯಾದ ಮೇಲೂ ವರ್ಷಗಟ್ಟಲೆ ಅವನ ಹೆಸರಿಗೆ ಎತ್ತಿಟ್ಟರು.

ಇದರಲ್ಲೇನು ವಿಶೇಷ, ಹಳೆಯ ಹಾಡುಗಳ ಗೌರವಧನ ಬರೆದವನಿಗೆ ಸೇರಬೇಕಾದದ್ದೇ ಅಲ್ಲವೇ, ಎನ್ನಬಹುದು. ಹಳೆಯ ಹಾಡುಗಳ ಮಟ್ಟಿಗೆ ಅದು ಸರಿ, ಅದು ಬರಿಯ ಪ್ರಾಮಾಣಿಕತೆ. ತೊಡಕು ಬರುವುದು 1996ರ ಮೇಲೆ. ಆ ವರ್ಷದ ಏಪ್ರಿಲಿನಲ್ಲಿ ಬಂದ ‘ಎ ಡಿಸೈನ್ ಫಾರ್ ಲೈಫ್’ ಎಂಬ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಆ ಹಾಡಿನ ಹೆಮ್ಮೆ ನಾವು ಮೇಲೆ ಹೇಳಿದ ಕಾರ್ಮಿಕರ ಗ್ರಂಥಾಲಯಗಳಿಂದ ಹುಟ್ಟಿದ್ದು. 2009ರಲ್ಲಿ ಕಾರ್ಡಿಫ್ ನಗರದ ಹೊಸ ಕೇಂದ್ರ ಗ್ರಂಥಾಲಯವನ್ನು ತೆರೆಯಲು ಈ ತಂಡದವರನ್ನೇ ಕರೆದದ್ದು ಅದಕ್ಕಾಗಿ. ಗಿಟಾರಿನವರನ್ನು ಗ್ರಂಥಾಲಯ ತೆರೆಯಲು ಕರೆಯುವ ಊರಿನ ಬಗ್ಗೆ ನಮಗೆ ಸ್ವಲ್ಪ ಅಸೂಯೆಯೇ ಆಗುತ್ತದೆ. ಅದಿರಲಿ. ಆ ಹಾಡಿನ ಮಾತುಗಳು ರಿಚಿಯವಲ್ಲ, ನಿಕಿ ವೈರ್‌ನವು. ಮೇ ತಿಂಗಳಲ್ಲಿ ಬಂದ ‘ಎವ್ವೆರಿಥಿಂಗ್ ಮಸ್ಟ್ ಗೋ’ ಆಲ್ಬಮ್ಮಿನಲ್ಲಿ ರಿಚಿ ಬಿಟ್ಟುಹೋದ ಮಾತುಗಳ ಹಾಡುಗಳೂ ಇದ್ದವು. ಅವುಗಳಿಗೆ ಅವನ ಹೆಸರನ್ನೇ ಹಾಕಿದರು. 1997ರಲ್ಲಿ ಬ್ರಿಟ್ ಪ್ರಶಸ್ತಿಗಳು ಬಂದವು. 1998ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೆ ಹೋಗಿ ಹೋರಾಡಿದ ಸ್ವಯಂಸೇವಕರನ್ನು ನೆನೆಯುವ ಹಾಡೊಂದು ಮೊದಲನೆಯ ಸ್ಥಾನಕ್ಕೇ ಏರಿತು. ಅದರಲ್ಲಿ ರಿಚಿಯ ಒಂದಕ್ಷರವೂ ಇಲ್ಲ. 1999ರ ಡಿಸೆಂಬರ್ 31ರ ರಾತ್ರಿ ಕಾರ್ಡಿಫಿನ ದೊಡ್ಡ ಕ್ರೀಡಾಂಗಣದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರೆದುರು ಹೊಸ ಶತಮಾನವನ್ನು ಬರಮಾಡಿಕೊಂಡರು. ನಾಲ್ವರಿದ್ದಾಗ ಕನಸಿನಲ್ಲಿದ್ದ ಜನಸಾಗರ ಮೂವರಿದ್ದಾಗ ಬಂತು.

ಮೊದಲಿನಿಂದ ಅವರನ್ನು ಹಿಂಬಾಲಿಸಿದ್ದ ಕೆಲವು ಅಭಿಮಾನಿಗಳಿಗೆ ಇದು ಸಹಿಸಲಾಗಲಿಲ್ಲ. ನಿಜವಾದ ತಂಡ 1995ಕ್ಕೆ ಮುಗಿಯಿತು, ಇದು ಅದರ ಅಂಗಿ ತೊಟ್ಟ ಬೇರೆ ಯಾರೋ, ಎಂದರು. ಇದಕ್ಕೆ ಸರಿಯಾಗಿ ಎದುರುನಿಂತ ಇನ್ನೊಂದು ವಾದ ವ್ಯವಹಾರಸ್ಥರದು. ದುಡಿದವರು ಮೂವರು, ಬೆಳೆ ಮೂವರದು, ಇನ್ನು ಕಾಲು ಪಾಲು ಯಾವ ಲೆಕ್ಕದ್ದು? ಈ ಎರಡು ವಾದಗಳೂ ಒಂದೇ ತಪ್ಪಿನಿಂದ ಹುಟ್ಟಿದವೆಂದು ನಮ್ಮ ಅಭಿಪ್ರಾಯ. ಎರಡೂ ಪಾಲನ್ನು ದುಡಿಮೆಯಿಂದ ಅಳೆಯುತ್ತವೆ. ಅಭಿಮಾನಿ, ಮುಖ್ಯವಾದದ್ದನ್ನೆಲ್ಲ ರಿಚಿಯೇ ಮಾಡಿದ ಎನ್ನುತ್ತಾನೆ. ವ್ಯಾಪಾರಿ, ಈಗ ಅವನು ಏನೂ ಮಾಡುತ್ತಿಲ್ಲ ಎನ್ನುತ್ತಾನೆ. ಆದರೆ ದುಡಿಮೆಯ ಲೆಕ್ಕ ಹಾಕಿದರೆ ಗಿಟಾರು ನುಡಿಸಲು ಬಾರದ ಗಿಟಾರುಗಾರನಿಗೆ ಅವನು ಇದ್ದಾಗಲಾದರೂ ಯಾವ ಪಾಲಿತ್ತು? ವ್ಯಾನು ಓಡಿಸುವವನನ್ನು ಅವರು ಒಳಗೆ ಕರೆದುಕೊಂಡದ್ದು ಕೂಲಿಗಲ್ಲ. ಅವನು ತಮ್ಮವನಾದ, ಅಲ್ಲಿಗೆ ಪಾಲು ಹುಟ್ಟಿತು.

ಈ ಮಾತು ನಮ್ಮವರಿಗೆ ತೀರ ಅಪರಿಚಿತವಲ್ಲ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬಸವಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ವ್ಯಾಖ್ಯಾನದ ಹೆಸರನ್ನು ಆಸ್ತಿಯ ವ್ಯಾಜ್ಯ ಕಂಡ ಪ್ರತಿಯೊಂದು ಮನೆಯವರೂ ವಕೀಲರ ಬಾಯಲ್ಲಿ ಕೇಳಿರುತ್ತಾರೆ. ಕುಲದ ಆಸ್ತಿಯಲ್ಲಿ ಮಗನ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂಬುದು ಅದರ ಪ್ರಸಿದ್ಧ ಸಿದ್ಧಾಂತ. ಉತ್ತವನಿಗೆ ಇಷ್ಟು, ಕುಳಿತವನಿಗೆ ಇಷ್ಟು ಎಂಬ ಲೆಕ್ಕ ಅಲ್ಲಿಲ್ಲ. ಅದರಲ್ಲಿ ಹೆಣ್ಣುಮಕ್ಕಳಿಗಾದ ಅನ್ಯಾಯವನ್ನು ನಾವು ಮರೆತಿಲ್ಲ. ಹಾಗಿದ್ದರೂ ಪಾಲೆಂಬುದು ಕೂಲಿಯಲ್ಲ, ಸಂಬಂಧದ ಇನ್ನೊಂದು ಹೆಸರು ಎಂಬ ತಿಳಿವು ಅದರೊಳಗಿದೆ. ವೇಲ್ಸಿನ ಹುಡುಗರಿಗೆ ರಿಚಿಯೊಡನೆ ಹುಟ್ಟಿನ ಸಂಬಂಧವಿರಲಿಲ್ಲ. ತಾವೇ ಕಟ್ಟಿಕೊಂಡ ಸಂಬಂಧಕ್ಕೆ ಹುಟ್ಟಿನಷ್ಟೇ ತೂಕ ಕೊಟ್ಟರು.

ಇಲ್ಲಿ ಇನ್ನೊಂದು ಮಾತು ಮನಸ್ಸಿಗೆ ಬರುತ್ತದೆ. ಊರಿನ ಮನೆಯ ಜಗುಲಿಯಿಂದ ನೋಡಿದರೆ ಈ ಪತ್ರಿಕೆಯನ್ನು ಓದುವ ನಾವೆಲ್ಲರೂ ಎದ್ದುಹೋದವರೇ. ಹೊಲ ಉತ್ತವರು ಬೇರೆ, ಮುದುಕರ ಔಷಧಿಗೆ ಓಡಾಡಿದವರು ಬೇರೆ. ಮಾವಿನ ಕಾಲಕ್ಕೆ ಬುಟ್ಟಿ ಮಾತ್ರ ನಮಗೂ ಬರುತ್ತದೆ. ಅದನ್ನು ಕಳಿಸುವವರು ಯಾವ ಲೆಕ್ಕ ಹಾಕಿ ಕಳಿಸುತ್ತಾರೆಂದು ನಾವೆಂದಾದರೂ ಕೇಳಿಕೊಂಡಿದ್ದೇವೆಯೇ? ಹೋಲಿಕೆಯನ್ನು ಇಷ್ಟಕ್ಕೇ ನಿಲ್ಲಿಸಬೇಕು. ನಾವು ಕಾಗದ ಬರೆದೆವು, ಫೋನು ಮಾಡುತ್ತೇವೆ, ಮದುವೆ ಮುಂಜಿಗಳಿಗೆ ಹೋಗಿಬರುತ್ತೇವೆ. ರಿಚಿ ಒಂದು ಗೆರೆಯನ್ನೂ ಕಳಿಸಲಿಲ್ಲ.

ಕಾನೂನು ಇದಕ್ಕೊಂದು ಗಡುವು ಇಟ್ಟಿದೆ, ಏಳು ವರ್ಷ. ಏಳು ವರ್ಷ ಒಬ್ಬನ ಸುದ್ದಿ, ಅದನ್ನು ಸಹಜವಾಗಿ ಕೇಳಬೇಕಾದವರಿಗೆ ಕೇಳದಿದ್ದರೆ ಅವನು ಸತ್ತನೆಂದು ಭಾವಿಸಬಹುದು. ಇಂಗ್ಲಿಷರ ಈ ನಿಯಮವೇ 1872ರ ಸಾಕ್ಷ್ಯ ಅಧಿನಿಯಮದ 108ನೆಯ ಕಲಮಾಗಿ ನಮ್ಮ ದೇಶಕ್ಕೂ ಬಂತು. 2024ರ ಜುಲೈಯಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಸಾಕ್ಷ್ಯ ಅಧಿನಿಯಮ ಬಂದಿದ್ದರೂ ಏಳು ವರ್ಷದ ಲೆಕ್ಕ ಹಾಗೆಯೇ ಇದೆ. ರಿಚಿಯ ಮನೆಯವರು 2002ರಲ್ಲಿಯೇ ಈ ಬಾಗಿಲನ್ನು ತಟ್ಟಬಹುದಿತ್ತು. ತಟ್ಟಲಿಲ್ಲ. ಇನ್ನೂ ಆರು ವರ್ಷಕ್ಕೂ ಮೇಲ್ಪಟ್ಟು ಕಾದು, 2008ರ ನವೆಂಬರಿನಲ್ಲಿ ಅವನನ್ನು ಮೃತನೆಂದು ಭಾವಿಸಲು ಒಪ್ಪಿದರು. ಹದಿಮೂರು ವರ್ಷ ಒಂದು ಮನೆ ಸೂತಕವೂ ಇಲ್ಲದೆ, ಶುಭವೂ ಇಲ್ಲದೆ ಹೇಗಿದ್ದಿತು ಎಂಬುದನ್ನು ಊಹಿಸುವುದು ಕಷ್ಟ. ಕಾಣೆಯಾದವರ ಬ್ಯಾಂಕು, ಬಾಡಿಗೆ, ಸಾಲ ಯಾವುದನ್ನೂ ಮನೆಯವರು ಮುಟ್ಟುವಂತಿಲ್ಲದ ಆ ಅವಸ್ಥೆಯ ಬಗ್ಗೆ ದನಿಯೆತ್ತಿದವರಲ್ಲಿ ರಿಚಿಯ ತಂಗಿಯೂ ಒಬ್ಬರು. ಇಂಗ್ಲೆಂಡ್ ಮತ್ತು ವೇಲ್ಸಿಗೆ 2013ರಲ್ಲಿ ಮರಣಭಾವನೆಯ ಒಂದು ಕಾಯಿದೆ ಬಂತು. 2017ರಲ್ಲಿ ಇನ್ನೊಂದು ಬಂತು. ಅದರಂತೆ 90 ದಿನ ಕಾಣೆಯಾದವನ ಆಸ್ತಿಪಾಸ್ತಿಯನ್ನು ಅವನಿಗಾಗಿ ನೋಡಿಕೊಳ್ಳಲು ಪಾಲಕನನ್ನು ನೇಮಿಸಬಹುದು. ಈ ಎರಡನೆಯದು ನಮಗೆ ಬಹಳ ಹಿಡಿಸಿತು. ಸತ್ತನೆಂದು ಸಾರದೆಯೂ ಒಬ್ಬನ ಮನೆಯ ದೀಪಕ್ಕೆ ಎಣ್ಣೆ ಹಾಕಲು ಅದು ದಾರಿ ಮಾಡಿದೆ.

ಹಣಕ್ಕಿಂತ ಕಠಿಣವಾದ ಪ್ರಶ್ನೆ ಮಾತುಗಳದು. ಕಾಣೆಯಾಗುವ ಕೆಲವೇ ವಾರ ಮುಂಚೆ ರಿಚಿ ತಾನು ಬರೆದ ಮಾತುಗಳ, ಚಿತ್ರಗಳ, ಕತ್ತರಿಸಿ ಅಂಟಿಸಿದ ಚೂರುಗಳ ಒಂದು ಕಟ್ಟನ್ನು ಗೆಳೆಯರ ಕೈಗೆ ಕೊಟ್ಟಿದ್ದ. ಕೆಲವು 1996ರಲ್ಲಿಯೇ ಹಾಡಾದವು. ಉಳಿದದ್ದು ಹಾಗೇ ಇತ್ತು. ನಮ್ಮ ಸ್ಮೃತಿಕಾರರು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪ ಎಂಬುದೊಂದು. ನಂಬಿ ಇಟ್ಟುಹೋದದ್ದನ್ನು ಇಟ್ಟಂತೆಯೇ ಹಿಂದಿರುಗಿಸುವುದು ಅದರ ಧರ್ಮ. ಬಂಗಾರವಾದರೆ ಆ ಧರ್ಮ ಸುಲಭ, ಗಂಟು ಬಿಚ್ಚದಿದ್ದರಾಯಿತು. ಆದರೆ ಹಾಡಿಗಾಗಿ ಬರೆದ ಮಾತನ್ನು ಬಿಚ್ಚದೆ ಇಡುವುದು ಕಾಪಾಡಿದಂತೆಯೋ, ಕೊಂದಂತೆಯೋ? ಬಿಚ್ಚಿದರೆ, ಹೊಂದಿಸಲು ಕತ್ತರಿಸಬೇಕಾಗುತ್ತದೆ. ಕತ್ತರಿಸಲು ಅವನನ್ನು ಕೇಳುವಂತಿಲ್ಲ.

ಹದಿನಾಲ್ಕು ವರ್ಷ ಆ ಕಟ್ಟು ಅವರ ಬಳಿಯಿತ್ತು. 2009ರ ಮೇ ತಿಂಗಳಲ್ಲಿ ‘ಜರ್ನಲ್ ಫಾರ್ ಪ್ಲೇಗ್ ಲವರ್ಸ್’ ಎಂಬ ಆಲ್ಬಮ್ ಬಂತು. ಅದರ ಮಾತುಗಳೆಲ್ಲ ರಿಚಿಯವೇ. ಮರಣಭಾವನೆಯ ಆಜ್ಞೆಯಾಗಿ ಆರೇ ತಿಂಗಳು ಎಂಬುದನ್ನು ಸಂಶಯಿಗಳು ಎತ್ತಿ ತೋರಿಸಬಹುದು. ನಾವೂ ಅದನ್ನು ಯೋಚಿಸಿದೆವು. ಆದರೆ ಲಾಭದ ಆಸೆಯಿದ್ದವರು ಮಾಡುವ ಮೊದಲ ಕೆಲಸವನ್ನು ಅವರು ಮಾಡಲಿಲ್ಲ. ಪಟ್ಟಿಯೇರಬಲ್ಲ ಒಂದು ಹಾಡನ್ನು ಬಿಡಿಯಾಗಿ ತೆಗೆದು ಮಾರುವುದು ಆ ಉದ್ಯಮದ ರೂಢಿ. ಈ ಆಲ್ಬಮ್ಮಿನಿಂದ ಒಂದು ಹಾಡನ್ನೂ ಹಾಗೆ ಮಾರಲಿಲ್ಲ. ಮುಖಪುಟಕ್ಕೆ 1994ರ ಆಲ್ಬಮ್ಮಿಗೆ ಚಿತ್ರ ಕೊಟ್ಟಿದ್ದ ಜೆನ್ನಿ ಸ್ಯಾವಿಲ್ ಎಂಬ ಕಲಾವಿದೆಯ ಚಿತ್ರವನ್ನೇ ಹಾಕಿದರು. ದೊಡ್ಡ ಅಂಗಡಿಗಳವರು ಅದು ಭೀಕರವಾಗಿದೆಯೆಂದು ಮುಖಪುಟವನ್ನು ಮರೆಮಾಡಿ ಮಾರಿದರು. ಇವರು ಬದಲಿಸಲಿಲ್ಲ.

ಅವರು ಮಾಡಿದ್ದು ಸರಿಯೇ? ನಮ್ಮ ಮಟ್ಟಿಗೆ ಸರಿ. ಕೊಟ್ಟವನು ಕೊಟ್ಟದ್ದು ಬೀಗ ಹಾಕುವ ಕೈಗಲ್ಲ, ಹಾಡುವ ಬಾಯಿಗೆ. ಕಾಲು ಶತಮಾನ ಅವನ ಸ್ವರವನ್ನು ಬಲ್ಲವರು ಕತ್ತರಿಸುವುದಕ್ಕೂ ಗೊತ್ತಿಲ್ಲದವರು ಕತ್ತರಿಸುವುದಕ್ಕೂ ವ್ಯತ್ಯಾಸವಿದೆ. ಆದರೂ ಇದನ್ನು ಪೂರ್ತಿ ನಿಶ್ಚಿಂತೆಯಿಂದ ಹೇಳಲು ನಮ್ಮ ಮನಸ್ಸು ಒಪ್ಪದು. ಸತ್ತ ಕವಿಯ ಹಸ್ತಪ್ರತಿಯನ್ನು ಅಚ್ಚು ಹಾಕಿಸುವವನಿಗೆ ಕವಿ ಮುನಿಸಿಕೊಂಡು ಎದುರು ಬರುತ್ತಾನೆಂಬ ಭಯವಿಲ್ಲ. ಇವರಿಗೆ ಆ ಭಯ ಒಂದು ಎಳೆಯಷ್ಟಾದರೂ ಉಳಿದೇ ಇತ್ತು. ಬಹುಶಃ ಆ ಎಳೆಯೇ ಅವರನ್ನು ಪ್ರಾಮಾಣಿಕರಾಗಿ ಇಟ್ಟಿತೇನೋ.

ಈ ದೀರ್ಘ ಪಯಣದಲ್ಲಿ ಎಲ್ಲವೂ ಹೊಗಳತಕ್ಕದ್ದೇನಲ್ಲ. 2001ರ ಫೆಬ್ರವರಿಯಲ್ಲಿ ಹವಾನಾಕ್ಕೆ ಹೋಗಿ ಫಿಡೆಲ್ ಕಾಸ್ಟ್ರೋ ಅವರೆದುರು ನುಡಿಸಿ ಬಂದರು. ಅದರಿಂದ ಕ್ರಾಂತಿಗೆ ಲಾಭವಾಯಿತೋ ನಷ್ಟವಾಯಿತೋ, ಫೋಟೋ ಮಾತ್ರ ಚೆನ್ನಾಗಿ ಬಂದಿದೆ. 2004ರ ಆಲ್ಬಮ್ಮಿಗೆ ಕೇಳುವವರು ಕಡಿಮೆಯಾದರು. 2006ರಲ್ಲಿ ಬ್ರಾಡ್‌ಫೀಲ್ಡನೂ ವೈರನೂ ತಮ್ಮ ತಮ್ಮ ಹೆಸರಿನಲ್ಲಿ ಒಂದೊಂದು ಆಲ್ಬಮ್ ಮಾಡಿ ನೋಡಿ, ಮತ್ತೆ ಮನೆಗೆ ಬಂದರು. 2021ರ ಆಲ್ಬಮ್ಮು 1998ರ ಮೇಲೆ ಮೊದಲ ಸಲ ಪಟ್ಟಿಯ ತುದಿಗೇರಿತು. 2025ರ ಫೆಬ್ರವರಿಯಲ್ಲಿ ಬಂದ ‘ಕ್ರಿಟಿಕಲ್ ಥಿಂಕಿಂಗ್’ ಅವರ ಹದಿನೈದನೆಯ ಸ್ಟುಡಿಯೋ ಆಲ್ಬಮ್. ಒಂದೇ ಸಾಕು, ಆಮೇಲೆ ವಿಸರ್ಜನೆ ಎಂದವರು ಹದಿನೈದಕ್ಕೆ ಬಂದಿದ್ದಾರೆ. ನಾಲ್ವರಾಗಿ ಮಾಡಿದ್ದು ಅದರಲ್ಲಿ ಮೂರು.

ಮೂರೂ ಜನಕ್ಕೆ ಈಗ ಐವತ್ತೈದು ದಾಟಿದೆ. ವೇದಿಕೆಯ ಮೇಲೆ ಅವರು 1992ರ, 1994ರ ಹಾಡುಗಳನ್ನು ಇಂದಿಗೂ ಹಾಡುತ್ತಾರೆ. ಇಪ್ಪತ್ತಾರರ ಹುಡುಗನೊಬ್ಬ ಬರೆದ ಮಾತು ನರೆತ ಬ್ರಾಡ್‌ಫೀಲ್ಡನ ಗಂಟಲಿನಿಂದ ಬರುತ್ತದೆ, ಆಗ ಹುಟ್ಟಿಯೇ ಇರದಿದ್ದ ಮಕ್ಕಳು ಕೆಳಗೆ ನಿಂತು ಜೊತೆಗೂಡಿಸುತ್ತಾರೆ. ನಡುವೆ ಬ್ರಾಡ್‌ಫೀಲ್ಡ್, ಹಿಂದೆ ಡ್ರಮ್ಮಿನಲ್ಲಿ ಶಾನ್, ಒಂದು ಬದಿಗೆ ನಿಕಿ.